ಉಗಿನೌಕಾ ಇಂಜಿನಿಯರ್ ಅರ್ದಸೀರ್ ಕರ್ಸೇಟ್‌ಜಿ ವಾಡಿಯಾ: ಬದುಕು, ವೃತ್ತಿ ಹಾಗೂ ಕನ್ನಡ ಕರಾವಳಿಯ ನಂಟು

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪ್ರಾಚೀನ ಕಾಲದಲ್ಲಿ ವಿಜಯ ಸೋಮನಾಥಪುರವೆಂದು ಕರೆಯಲ್ಪಡುತ್ತಿತ್ತು. ಹೊಯ್ಸಳ ಅರಸ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣನು ಕ್ರಿ.ಶ. 1246ರಲ್ಲಿ ಇಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಭಿತ್ತಿಶಿಲ್ಪಗಳು ನಂದಿಯ ಬೈಚೋಜ ಹಾಗೂ ಮಲ್ಲಿತಮ್ಮ ಎಂಬ ಇಬ್ಬರು ರೂವಾರಿಗಳ ಕೃತಿಗಳು. ಶಿಲ್ಪಗಳ ಪೀಠಭಾಗದಲ್ಲಿ ಕೊರೆದಿರುವ ಹೆಸರುಗಳಿಂದಲೇ ಯಾವ ಕೆಲಸ ಯಾರದೆಂಬುದನ್ನು ಸಂಶೋಧಕರು ಗುರುತಿಸಲು ಸಾಧ್ಯವಾಗಿದೆ. ಕಟ್ಟಿಸಿದವನ ಹೆಸರಿನ ಜೊತೆಗೆ ಕಟ್ಟಿದವನ ಹೆಸರನ್ನೂ ದಾಖಲಿಸುವ ಈ ಪದ್ಧತಿ ಕರ್ನಾಟಕದ ತಾಂತ್ರಿಕ ಪರಂಪರೆಯ ಒಂದು ಹಿರಿಮೆ. ಇದಾದ ಆರು ಶತಮಾನಗಳ ನಂತರ, ಕಲ್ಲಿನ ಬದಲು ಕಬ್ಬಿಣ ಮತ್ತು ಉಗಿಯ ಯುಗ ಬಂದಾಗ, ಭಾರತದ ಕುಶಲಕರ್ಮಿಗಳ ಸ್ಥಾನಮಾನ ಏನಾಯಿತು? ಅವರ ಜ್ಞಾನಕ್ಕೆ ಮನ್ನಣೆ ದೊರೆಯಿತೆ? ದೊರೆತದ್ದು ಮುಂದುವರಿಯಿತೆ? ಈ ಪ್ರಶ್ನೆಗಳಿಗೆ ಉತ್ತರ ಅರಸುವಾಗ ಮೊದಲು ಎದುರಾಗುವ ಹೆಸರು ಮುಂಬಯಿಯ ಉಗಿನೌಕಾ ಇಂಜಿನಿಯರ್ ಅರ್ದಸೀರ್ ಕರ್ಸೇಟ್‌ಜಿ ವಾಡಿಯಾ (1808–1877) ಅವರದು. ಇವರ ಜೀವನವನ್ನೂ ವೃತ್ತಿಯನ್ನೂ, ಅದರ ಹಿನ್ನೆಲೆಯಲ್ಲಿದ್ದ ಕೆನರಾ ಕರಾವಳಿಯ ಪಾತ್ರವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಾಡಿಯಾ ಮನೆತನ ಮತ್ತು ಮುಂಬಯಿ ಹಡಗುಕಟ್ಟೆ

ವಾಡಿಯಾ ಎಂಬ ಹೆಸರಿಗೆ ಹಡಗು ಕಟ್ಟುವವನು ಎಂಬ ಅರ್ಥವಿದೆ. ಈ ಪಾರ್ಸಿ ಮನೆತನದ ಮೂಲಪುರುಷ ಲೌಜಿ ನಸರ್ವಾನ್‌ಜಿ ಸೂರತ್ತಿನ ಬಡಗಿ. 1736ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಆತನನ್ನು ಮುಂಬಯಿಗೆ ಕರೆಸಿಕೊಂಡು ಹಡಗುಕಟ್ಟೆಯ ಕೆಲಸಕ್ಕೆ ನೇಮಿಸಿತು. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಶತಮಾನದ ಕಾಲ ಮುಂಬಯಿಯ ಪ್ರಧಾನ ನೌಕಾನಿರ್ಮಾಪಕರ ಹುದ್ದೆ ಈ ಮನೆತನದಲ್ಲಿಯೇ ಉಳಿಯಿತು. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ವಿದ್ಯೆ ಹರಿದುಬಂದಿತು. ಜಮ್‌ಶೇಟ್‌ಜಿ ಬೊಮನ್‌ಜಿ ಅವರು ಕಟ್ಟಿದ ‘ಮಿಂಡೆನ್’ ಯುದ್ಧನೌಕೆ 1810ರಲ್ಲಿ ನೀರಿಗಿಳಿಯಿತು. 1817ರಲ್ಲಿ ಮುಂಬಯಿಯಲ್ಲಿ ನಿರ್ಮಿತವಾದ ‘ಟ್ರಿಂಕೋಮಲಿ’ ಎಂಬ ಹಾಯಿನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ನಗರದಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವುದು ಈ ಮನೆತನದ ಕೌಶಲಕ್ಕೆ ಪ್ರತ್ಯಕ್ಷ ಸಾಕ್ಷಿ.

ಅರ್ದಸೀರ್ ಅವರು 1808ರ ಅಕ್ಟೋಬರ್ 6ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಕರ್ಸೇಟ್‌ಜಿ ರುಸ್ತುಮ್‌ಜಿ ಹಡಗುಕಟ್ಟೆಯ ನಿರ್ಮಾಪಕರಲ್ಲೊಬ್ಬರು. ಕುಲದ ರೂಢಿಯಂತೆ ಅರ್ದಸೀರ್ ಅವರೂ 1822ರಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, ಹಡಗುಕಟ್ಟೆಯ ಕೆಲಸಕ್ಕೆ ಸೇರಿದರು. ಆದರೆ ಅವರ ಆಸಕ್ತಿ ಮರದ ತೊಲೆಗಳಿಗಿಂತ ಹೆಚ್ಚಾಗಿ ಅಂದು ಹೊಸದಾಗಿ ಬರತೊಡಗಿದ್ದ ಉಗಿಯಂತ್ರದ ಕಡೆಗೆ ವಾಲಿತು. ಮನೆತನದ ವೃತ್ತಿಯೊಳಗೇ ಇದ್ದು ಅದರ ದಿಕ್ಕನ್ನು ಬದಲಿಸಿದುದು ಇವರ ವೈಶಿಷ್ಟ್ಯ.

ಹಡಗಿನ ಮರ: ಕೆನರಾ ಮತ್ತು ಮಲಬಾರಿನ ಕಾಡುಗಳು

ಮುಂಬಯಿ ಹಡಗುಗಳ ಕೀರ್ತಿಗೆ ವಾಡಿಯಾ ಮನೆತನದ ಕೈಚಳಕದಷ್ಟೇ ಮುಖ್ಯ ಕಾರಣ ಅವುಗಳಿಗೆ ಬಳಸಿದ ತೇಗದ ಮರ. ಈ ತೇಗವು ಪಶ್ಚಿಮ ಘಟ್ಟದ ಮಲಬಾರ್ ಹಾಗೂ ಕೆನರಾ ಕಾಡುಗಳಿಂದ ಬರುತ್ತಿತ್ತು. ಇಂಗ್ಲೆಂಡಿನ ಓಕ್ ಮರದಲ್ಲಿರುವ ಆಮ್ಲಾಂಶ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದಲ್ಲಿರುವ ಎಣ್ಣೆಯ ಅಂಶವು ಕಬ್ಬಿಣವನ್ನು ತುಕ್ಕಿನಿಂದ ಕಾಪಾಡುವುದಲ್ಲದೆ ಮರವನ್ನು ಹುಳುಗಳಿಂದಲೂ ರಕ್ಷಿಸುತ್ತದೆ. ಆದ್ದರಿಂದ ತೇಗದ ಹಡಗು ಓಕ್ ಹಡಗಿಗಿಂತ ಬಹುಕಾಲ ಬಾಳುತ್ತಿತ್ತು.

ಕನ್ನಡ ಕರಾವಳಿಯ ಈ ಸಂಪತ್ತನ್ನು ಮೊದಲು ಗುರುತಿಸಿದವರು ಬ್ರಿಟಿಷರಲ್ಲ. ಹೈದರ್ ಅಲಿ ಮಂಗಳೂರಿನಲ್ಲಿ ನೌಕಾಪಡೆ ಕಟ್ಟಲು ಯತ್ನಿಸಿದ್ದನು. ಟಿಪ್ಪು ಸುಲ್ತಾನನು 1796ರಲ್ಲಿ ಹೊರಡಿಸಿದ ನೌಕಾ ನಿಯಮಾವಳಿಯಲ್ಲಿ ನಲವತ್ತು ಯುದ್ಧನೌಕೆಗಳ ನಿರ್ಮಾಣವನ್ನು ಯೋಜಿಸಲಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಪತನದೊಂದಿಗೆ ಆ ಯೋಜನೆ ಕೊನೆಗೊಂಡು, ಕೆನರಾ ಪ್ರಾಂತ್ಯವು ಕಂಪನಿಯ ವಶವಾಯಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯ ಸಂರಕ್ಷಕನನ್ನಾಗಿ ಕಂಪನಿಯು ನೇಮಿಸಿತು. ಹೆಸರಿಗೆ ಸಂರಕ್ಷಣೆಯಾದರೂ ಹಡಗುಗಳಿಗೆ ತೇಗ ಒದಗಿಸುವುದೇ ಆ ಹುದ್ದೆಯ ಮುಖ್ಯ ಗುರಿಯಾಗಿತ್ತು. ಸ್ಥಳೀಯ ವರ್ತಕರು ಮತ್ತು ರೈತರಿಂದ ಬಂದ ವಿರೋಧದ ಹಿನ್ನೆಲೆಯಲ್ಲಿ 1823ರಲ್ಲಿ ಈ ಹುದ್ದೆ ರದ್ದಾಯಿತು. ರದ್ದುಪಡಿಸಿದ ಮದರಾಸಿನ ಗವರ್ನರ್ ಥಾಮಸ್ ಮನ್ರೋ, ಹಿಂದೆ ಕೆನರಾದ ಕಲೆಕ್ಟರನಾಗಿ ಇಲ್ಲಿನ ಜನಜೀವನವನ್ನು ಕಂಡವನು ಎಂಬುದು ಗಮನಾರ್ಹ. ಅರ್ದಸೀರ್ ಅವರು ಹಡಗುಕಟ್ಟೆಗೆ ಸೇರಿದ್ದು ಇದರ ಹಿಂದಿನ ವರ್ಷ. ಮುಂಬಯಿಯ ಹಡಗುಕಟ್ಟೆಯ ಇತಿಹಾಸ ಹೀಗೆ ಕೆನರಾದ ಅರಣ್ಯ ಇತಿಹಾಸದಿಂದ ಬೇರ್ಪಡಿಸಲಾಗದಂತಹುದು.

ಉಗಿಯ ಆಗಮನ

ಉಗಿಯಿಂದ ನಡೆಯುವ ಹಡಗು ಪಶ್ಚಿಮ ಕರಾವಳಿಗೆ ಒಂದು ಹೊಸ ನೋಟವಾಗಿತ್ತು. ಕೊಂಕಣ ತೀರದ ಜನರು ಅದಕ್ಕೆ ‘ಆಗಬೋಟ್’ ಎಂದರು. ಬೆಂಕಿಯ ದೋಣಿ ಎಂದು ಅದರ ಅರ್ಥ. ಮುಂಬಯಿಯಲ್ಲಿ ಕಟ್ಟಿದ ‘ಹ್ಯೂ ಲಿಂಡ್ಸೆ’ ಎಂಬ 411 ಟನ್ನಿನ ಉಗಿನೌಕೆ 1829ರಲ್ಲಿ ನೀರಿಗಿಳಿಯಿತು. 1830ರ ಮಾರ್ಚ್ 20ರಂದು ಕಮಾಂಡರ್ ಜಾನ್ ವಿಲ್ಸನ್ ಅವರ ನೇತೃತ್ವದಲ್ಲಿ ಅದು ಸೂಯೆಜ್‌ನತ್ತ ಹೊರಟಿತು. ಐದೂವರೆ ದಿನಗಳಿಗೆ ಸಾಕಾಗುವಷ್ಟು ಕಲ್ಲಿದ್ದಲು ಹಿಡಿಯುವಂತೆ ರಚಿಸಿದ್ದ ಹಡಗದು. ಏಡನ್ ತಲುಪಲು ಹನ್ನೊಂದು ದಿನ ಬೇಕಾದ್ದರಿಂದ ಉಳಿದೆಡೆಯಲ್ಲೆಲ್ಲ ಕಲ್ಲಿದ್ದಲನ್ನೇ ತುಂಬಲಾಗಿತ್ತು. ಏಪ್ರಿಲ್ 22ರಂದು ಅದು ಸೂಯೆಜ್ ಸೇರಿತು. ಆಫ್ರಿಕಾ ಖಂಡವನ್ನು ಸುತ್ತಿ ಹೋಗುವ ಹಾಯಿಹಡಗಿಗೆ ತಿಂಗಳುಗಳೇ ಹಿಡಿಯುತ್ತಿದ್ದ ಕಾಲದಲ್ಲಿ ಈ ಪ್ರಯಾಣವು ಅಂಚೆಯ ಹೊಸ ಮಾರ್ಗವನ್ನು ತೆರೆಯಿತು.

ಅಂದಿನ ನೌಕಾಯಂತ್ರದ ಸ್ವರೂಪವನ್ನು ತಿಳಿಯದೆ ನೌಕಾ ಇಂಜಿನಿಯರನ ಕೆಲಸದ ಕಷ್ಟ ಅರ್ಥವಾಗದು. ಬಾಯ್ಲರಿನಲ್ಲಿ ಕುದಿಸುತ್ತಿದ್ದುದು ಸಮುದ್ರದ ಉಪ್ಪುನೀರನ್ನೇ. ಉಗಿ ಸಿಲಿಂಡರಿನೊಳಗೆ ಕೊಂತವನ್ನು ತಳ್ಳಿದ ಬಳಿಕ, ತಣ್ಣೀರಿನ ಸಿಂಚನದಿಂದ ಅದನ್ನು ಮತ್ತೆ ನೀರಾಗಿಸಲಾಗುತ್ತಿತ್ತು. ಹಾಗೆ ಉಂಟಾದ ನಿರ್ವಾತವೇ ಯಂತ್ರದ ಶಕ್ತಿಯ ದೊಡ್ಡ ಪಾಲು. ಸಿಂಚನದ ನೀರೂ ಸಮುದ್ರದ್ದೇ ಆದ್ದರಿಂದ ಬಾಯ್ಲರಿಗೆ ಹಿಂದಿರುಗುತ್ತಿದ್ದುದು ಮತ್ತೆ ಉಪ್ಪುನೀರು. ನೀರು ಆವಿಯಾದಂತೆ ಉಪ್ಪು ತಳದಲ್ಲಿ ಹೆಪ್ಪುಗಟ್ಟುತ್ತಿತ್ತು. ಗಡುಸು ಪದರ ಬೆಳೆದರೆ ಬೆಂಕಿಯ ಶಾಖ ನೀರಿಗೆ ತಲುಪದೆ ತಗಡು ಕಾದು ಬಾಗುವ, ಒಡೆಯುವ ಅಪಾಯವಿತ್ತು. ಆದುದರಿಂದ ಆಗಾಗ್ಗೆ ಬಾಯ್ಲರಿನ ಸಾಂದ್ರ ಉಪ್ಪುನೀರನ್ನು ಸಮುದ್ರಕ್ಕೆ ಹೊರಬಿಡಬೇಕಾಗುತ್ತಿತ್ತು. ಅದರೊಂದಿಗೆ ಶಾಖವೂ ಕಲ್ಲಿದ್ದಲೂ ವ್ಯರ್ಥವಾಗುತ್ತಿದ್ದವು. ಯಂತ್ರದ ಒಂದು ಭಾಗ ಮುರಿದರೆ ಇಂಗ್ಲೆಂಡಿನಿಂದ ಬದಲಿ ಭಾಗ ಬರಲು ತಿಂಗಳುಗಳು ಬೇಕು. ಮುಂಬಯಿಯಲ್ಲಿಯೇ ಎರಕ ಹೊಯ್ಯುವ, ಕಡೆಯುವ, ತಗಡು ಬೆಸೆಯುವ ವ್ಯವಸ್ಥೆ ಇಲ್ಲದಿದ್ದರೆ ಉಗಿನೌಕೆಗಳ ಪಡೆ ಬಂದರಿನಲ್ಲಿಯೇ ನಿಂತುಬಿಡುತ್ತಿತ್ತು. ಈ ಅಗತ್ಯವೇ ಅರ್ದಸೀರ್ ಅವರ ವೃತ್ತಿಗೆ ಭೂಮಿಕೆಯಾಯಿತು.

‘ಇಂಡಸ್’ ನೌಕೆ ಮತ್ತು ಅನಿಲದೀಪ

ಅರ್ದಸೀರ್ ಅವರು ಮೊದಲಿಗೆ ಒಂದು ಅಶ್ವಶಕ್ತಿಯ ಚಿಕ್ಕ ಉಗಿಯಂತ್ರವನ್ನು ತಾವೇ ರಚಿಸಿದರು. 1833ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಸುಮಾರು 60 ಟನ್ನಿನ ‘ಇಂಡಸ್’ ಎಂಬ ನೌಕೆಯನ್ನು ಕಟ್ಟಿ ಅದಕ್ಕೆ ಉಗಿಯಂತ್ರವನ್ನು ಅಳವಡಿಸಿದರು. ಮರುವರ್ಷ ಮಜಗಾಂವ್‌ನಲ್ಲಿದ್ದ ತಮ್ಮ ಮನೆ ಹಾಗೂ ತೋಟವನ್ನು ಅನಿಲದೀಪಗಳಿಂದ ಬೆಳಗಿಸಿದರು. ಮುಂಬಯಿ ನಗರದ ಬೀದಿಗಳಿಗೆ ಅನಿಲದೀಪ ಬರುವುದಕ್ಕೆ ಮೂರು ದಶಕಗಳ ಹಿಂದಿನ ಮಾತಿದು. ಈ ಎರಡೂ ಕಾರ್ಯಗಳು ಸರ್ಕಾರದ ಆದೇಶದಿಂದ ನಡೆದವಲ್ಲ. ಸ್ವಂತ ಆಸಕ್ತಿಯಿಂದ ಕೈಗೊಂಡ ಪ್ರಯೋಗಗಳು. 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯು ಅವರನ್ನು ಅನಿವಾಸಿ ಸದಸ್ಯರನ್ನಾಗಿ ಆರಿಸಿತು.

ಇಂಗ್ಲೆಂಡ್ ಪ್ರಯಾಣ ಮತ್ತು ರಾಯಲ್ ಸೊಸೈಟಿಯ ಮನ್ನಣೆ

ನೌಕಾಯಂತ್ರ ವಿದ್ಯೆಯನ್ನು ಮೂಲದಲ್ಲಿಯೇ ಅರಿಯುವ ಉದ್ದೇಶದಿಂದ ಅರ್ದಸೀರ್ 1839ರಲ್ಲಿ ಸೂಯೆಜ್ ಮಾರ್ಗವಾಗಿ ಇಂಗ್ಲೆಂಡಿಗೆ ತೆರಳಿದರು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಈಜಿಪ್ಟಿನ ನೆಲಮಾರ್ಗವನ್ನು ದಾಟಿ ಮತ್ತೆ ಹಡಗು ಹಿಡಿಯಬೇಕಿತ್ತು. ಬ್ರಿಟನ್ನಿನಲ್ಲಿ ಕಳೆದ ಒಂದು ವರ್ಷದ ಅನುಭವಗಳನ್ನೊಳಗೊಂಡ ಅವರ ದಿನಚರಿ 1840ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಭಾರತೀಯನೊಬ್ಬನು ಯಂತ್ರಯುಗದ ಇಂಗ್ಲೆಂಡನ್ನು ತಂತ್ರಜ್ಞನ ಕಣ್ಣಿನಿಂದ ಕಂಡು ಬರೆದ ಆರಂಭದ ಬರಹಗಳಲ್ಲಿ ಇದೂ ಒಂದು.

1841ರ ಮೇ 27ರಂದು ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಈ ಗೌರವವನ್ನು ಪಡೆದ ಮೊದಲ ಭಾರತೀಯರು ಇವರು. ಅನಿಲದೀಪವನ್ನು ಮುಂಬಯಿಗೆ ತಂದುದು ಹಾಗೂ ಉಗಿನೌಕೆಯನ್ನು ಕಟ್ಟಿದುದು ಅವರ ಹೆಸರನ್ನು ಸೂಚಿಸಿದವರು ಮುಂದಿಟ್ಟ ಕಾರಣಗಳಲ್ಲಿ ಸೇರಿದ್ದವು. ಎರಡನೆಯ ಭಾರತೀಯ ಫೆಲೋ ಶ್ರೀನಿವಾಸ ರಾಮಾನುಜನ್ ಆಯ್ಕೆಯಾದದ್ದು 1918ರಲ್ಲಿ. ನಡುವಣ ಎಪ್ಪತ್ತೇಳು ವರ್ಷಗಳ ಅಂತರವನ್ನು ಭಾರತೀಯರ ಪ್ರತಿಭೆಯ ಕೊರತೆಯೆಂದು ಭಾವಿಸುವಂತಿಲ್ಲ. ವಿಜ್ಞಾನದ ಮನ್ನಣೆಯು ಕಾರ್ಯಾಗಾರದ ಕುಶಲಿಗಳಿಂದ ವಿಶ್ವವಿದ್ಯಾಲಯದ ಪದವೀಧರರ ಕಡೆಗೆ ಸರಿದುದು ಹಾಗೂ ವಸಾಹತು ಆಡಳಿತದಲ್ಲಿ ಉನ್ನತ ತಾಂತ್ರಿಕ ಹುದ್ದೆಗಳು ಭಾರತೀಯರಿಗೆ ವಿರಳವಾದುದು, ಇವೆರಡನ್ನೂ ಇಲ್ಲಿ ಪರಿಗಣಿಸಬೇಕಾಗುತ್ತದೆ.

ಮುಂಬಯಿ ಉಗಿಯಂತ್ರಾಗಾರದ ಮುಖ್ಯ ಇಂಜಿನಿಯರ್

ರಾಯಲ್ ಸೊಸೈಟಿಯ ಆಯ್ಕೆ ನಡೆಯುವ ವೇಳೆಗೆ ಅರ್ದಸೀರ್ ಅವರು ಹೊಸ ಹುದ್ದೆಯನ್ನು ವಹಿಸಿಕೊಂಡಾಗಿತ್ತು. 1841ರ ಏಪ್ರಿಲ್ 1ರಂದು ಅವರು ಕಂಪನಿಯ ಮುಂಬಯಿ ಉಗಿಯಂತ್ರಾಗಾರ ಮತ್ತು ಎರಕಶಾಲೆಯ ಮುಖ್ಯ ಇಂಜಿನಿಯರ್ ಹಾಗೂ ಯಂತ್ರ ಪರಿವೀಕ್ಷಕರಾದರು. ಅವರ ಅಧೀನದಲ್ಲಿ ಒಬ್ಬ ಮುಖ್ಯ ಸಹಾಯಕ, ನಾಲ್ವರು ಯುರೋಪಿಯನ್ ಮೇಸ್ತ್ರಿಗಳು, ನೂರು ಮಂದಿ ಯುರೋಪಿಯನ್ ಇಂಜಿನಿಯರುಗಳು ಮತ್ತು ಬಾಯ್ಲರ್ ಕೆಲಸಗಾರರು ಹಾಗೂ ಸುಮಾರು ಇನ್ನೂರು ಮಂದಿ ಭಾರತೀಯ ಕುಶಲಕರ್ಮಿಗಳಿದ್ದರು. ಯುರೋಪಿಯನ್ನರ ಮೇಲೆ ಭಾರತೀಯನೊಬ್ಬನಿಗೆ ಅಧಿಕಾರ ನೀಡಿದ ಇಂತಹ ನೇಮಕ ಆ ಕಾಲಕ್ಕೆ ಅತ್ಯಂತ ಅಪರೂಪ. ಎಷ್ಟೇ ಸಮರ್ಥನಾದರೂ ‘ನೇಟಿವ್’ ಒಬ್ಬನು ಇಂತಹ ಸಂಸ್ಥೆಯನ್ನು ನಡೆಸಬಲ್ಲನೇ ಎಂಬ ಸಂದೇಹ ಮುಂಬಯಿಯ ಆಂಗ್ಲ ಪತ್ರಿಕೆಯಲ್ಲಿಯೇ ವ್ಯಕ್ತವಾಯಿತು. ಈ ಸಂದೇಹಕ್ಕೆ ಅವರು ಕೊಟ್ಟ ಉತ್ತರವೆಂದರೆ ಹದಿನಾರು ವರ್ಷಗಳ ಸೇವೆ. 1857ರಲ್ಲಿ ನಿವೃತ್ತರಾಗುವವರೆಗೂ ಅವರು ಆ ಹುದ್ದೆಯಲ್ಲಿಯೇ ಇದ್ದರು.

1849ರಲ್ಲಿ ಅವರು ಅಮೆರಿಕಕ್ಕೆ ಭೇಟಿ ನೀಡಿ, ಮರಗೆಲಸದ ಯಂತ್ರಗಳನ್ನು ಕೊಂಡು ಮುಂಬಯಿಗೆ ಕಳುಹಿಸಿದರು. ಕೈಗರಗಸದಿಂದ ತೊಲೆ ಸೀಳುತ್ತಿದ್ದ ಹಡಗುಕಟ್ಟೆಗೆ ಯಂತ್ರವನ್ನು ತರುವ ಈ ಪ್ರಯತ್ನ ಅವರ ದೃಷ್ಟಿಯ ವ್ಯಾಪ್ತಿಯನ್ನು ಸೂಚಿಸುತ್ತದೆ. 1851ರ ಫೆಬ್ರವರಿಯಲ್ಲಿ ‘ಲೌಜಿ ಫ್ಯಾಮಿಲಿ’ ಎಂಬ ಉಗಿನೌಕೆಯನ್ನು ನೀರಿಗಿಳಿಸಿದರು. ಅದರ ಯಂತ್ರಭಾಗಗಳೆಲ್ಲ ಅವರ ನಿವಾಸದಲ್ಲಿದ್ದ ಎರಕಶಾಲೆಯಲ್ಲಿಯೇ ತಯಾರಾದವು. 1833ರ ಪ್ರಯೋಗದಿಂದ 1851ರ ಸ್ವಯಂಪೂರ್ಣ ನಿರ್ಮಾಣದವರೆಗಿನ ಈ ಹದಿನೆಂಟು ವರ್ಷಗಳು ಅವರ ವೃತ್ತಿಜೀವನದ ಏರುಗತಿಯ ಕಾಲ. ಹೊಲಿಗೆಯಂತ್ರ, ಛಾಯಾಗ್ರಹಣ ಹಾಗೂ ವಿದ್ಯುಲ್ಲೇಪನಗಳನ್ನು ಮುಂಬಯಿಗೆ ಪರಿಚಯಿಸಿದ ಶ್ರೇಯಸ್ಸನ್ನೂ ಅವರಿಗೆ ಸಲ್ಲಿಸಲಾಗುತ್ತದೆ.

ಸಿಂಧೂ ನದಿಯ ನೌಕಾಪಡೆ ಮತ್ತು ಕೊನೆಯ ದಿನಗಳು

ನಿವೃತ್ತಿಯ ನಂತರ ಇಂಗ್ಲೆಂಡಿಗೆ ತೆರಳಿದ್ದ ಅರ್ದಸೀರ್ 1861ರಲ್ಲಿ ಮತ್ತೆ ಭಾರತಕ್ಕೆ ಬಂದು, ಇಂಡಸ್ ಫ್ಲೊಟಿಲ್ಲಾ ಕಂಪನಿಯ ಮೇಲ್ವಿಚಾರಕ ಇಂಜಿನಿಯರ್ ಆಗಿ ಸಿಂಧ್ ಪ್ರಾಂತ್ಯದ ಕೋಟ್ರಿಯಲ್ಲಿ ಕೆಲಸ ಮಾಡಿದರು. ಕರಾಚಿಯಿಂದ ಕೋಟ್ರಿಯವರೆಗಿನ ರೈಲುಮಾರ್ಗ ತೆರೆದುದು ಅದೇ ವರ್ಷ. ಕೋಟ್ರಿಯಿಂದ ಮುಲ್ತಾನ್ ಕಡೆಗೆ ಸರಕನ್ನೂ ಪ್ರಯಾಣಿಕರನ್ನೂ ಸಾಗಿಸುವ ಹೊಣೆ ನದಿಯ ಉಗಿನೌಕೆಗಳದಾಗಿತ್ತು. ಪಾತ್ರವನ್ನು ಸದಾ ಬದಲಿಸುವ, ಮರಳುದಿಬ್ಬಗಳಿಂದ ತುಂಬಿದ ಸಿಂಧೂ ನದಿಯಲ್ಲಿ ಈ ನೌಕೆಗಳನ್ನು ನಡೆಸುವುದು ಸಮುದ್ರಯಾನದಷ್ಟೇ ಕಠಿಣ. 1863ರಲ್ಲಿ ಅವರು ಈ ಸೇವೆಯಿಂದಲೂ ನಿವೃತ್ತರಾಗಿ ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ ನೆಲೆಸಿದರು. 1877ರ ನವೆಂಬರ್ 16ರಂದು ಅಲ್ಲಿಯೇ ನಿಧನರಾದರು. ಮರುವರ್ಷವೇ ಕೋಟ್ರಿ–ಮುಲ್ತಾನ್ ರೈಲುಮಾರ್ಗ ಪೂರ್ಣಗೊಂಡು ನದಿಯ ನೌಕಾಪಡೆಯ ಅಗತ್ಯವೇ ಇಲ್ಲವಾಯಿತು. ಭಾರತ ಸರ್ಕಾರದ ಅಂಚೆ ಇಲಾಖೆಯು 1969ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿಯೊಂದನ್ನು ಹೊರತಂದಿತು.

ಮರ, ಕಬ್ಬಿಣ ಮತ್ತು ಕನ್ನಡ ಕರಾವಳಿ

ಅರ್ದಸೀರ್ ಅವರ ವೃತ್ತಿಜೀವನದ ಅವಧಿಯಲ್ಲಿಯೇ ನೌಕಾನಿರ್ಮಾಣದ ಮೂಲದ್ರವ್ಯ ಮರದಿಂದ ಕಬ್ಬಿಣಕ್ಕೆ ಬದಲಾಯಿತು. ಚಕ್ರದ ಬದಲು ತಿರುಪುಪಂಖ, ಒಂದೇ ಸಿಲಿಂಡರಿನ ಬದಲು ಸಂಯುಕ್ತ ಯಂತ್ರ ಬಳಕೆಗೆ ಬಂದವು. ಈ ಪರಿವರ್ತನೆಯ ಕಾಲದ ಸ್ಥಿತಿಯನ್ನು ಒಂದು ಹಡಗಿನ ಕಥೆ ಚೆನ್ನಾಗಿ ವಿವರಿಸುತ್ತದೆ. ಮುಂಬಯಿಯಲ್ಲಿ 1854ರಲ್ಲಿ ನೀರಿಗಿಳಿದ ‘ಪಂಜಾಬ್’ ಎಂಬ ಉಗಿನೌಕೆಯನ್ನು, ಭಾರತೀಯ ನೌಕಾಪಡೆಯು 1863ರಲ್ಲಿ ವಿಸರ್ಜನೆಯಾದಾಗ, ಜಾನ್ ವಿಲ್ಲಿಸ್ ಎಂಬ ಲಂಡನ್ನಿನ ವರ್ತಕನು ಕೊಂಡನು. ಅದರ ಯಂತ್ರವನ್ನು ಕಳಚಿ ಹಾಕಿ, ಹಾಯಿಹಡಗಾಗಿ ಮಾರ್ಪಡಿಸಿ, ‘ಟ್ವೀಡ್’ ಎಂದು ಹೆಸರಿಟ್ಟನು. ಅದರ ವೇಗಕ್ಕೆ ಮಾರುಹೋಗಿ, ಮುಂದೆ 1869ರಲ್ಲಿ ತಾನು ಕಟ್ಟಿಸಿದ ‘ಕಟಿ ಸಾರ್ಕ್’ ಹಡಗಿಗೆ ಅದರ ಒಡಲಿನ ರೂಪವನ್ನೇ ಮಾದರಿಯಾಗಿ ತೆಗೆದುಕೊಂಡನು. ಯಂತ್ರ ಹಳತಾಗಿ ಹೋಯಿತು. ತೇಗದ ಒಡಲು ಮಾತ್ರ ಉಳಿಯಿತು.

ಕೆನರಾ ಕರಾವಳಿಯಲ್ಲಿಯೂ ಈ ಬದಲಾವಣೆಯ ಪರಿಣಾಮ ಕಂಡುಬಂದಿತು. ಮುಂಬಯಿ ಪ್ರಾಂತ್ಯದಲ್ಲಿ 1847ರಲ್ಲಿ ಡಾ. ಅಲೆಗ್ಸಾಂಡರ್ ಗಿಬ್ಸನ್, ಮದರಾಸಿನಲ್ಲಿ 1856ರಲ್ಲಿ ಡಾ. ಹ್ಯೂ ಕ್ಲೆಗ್‌ಹಾರ್ನ್ ಅರಣ್ಯ ಸಂರಕ್ಷಕರಾಗಿ ನೇಮಕಗೊಂಡರು. ಹಡಗಿನ ಬೇಡಿಕೆ ತಗ್ಗುವ ಹೊತ್ತಿಗೆ ರೈಲುಹಳಿಯ ಅಡಿಮರಗಳ ಬೇಡಿಕೆ ಕಾಡಿನ ಮೇಲೆ ಎರಗಿತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಹೆಚ್ಚಿ, ಅದನ್ನು ಸಾಗಿಸಲು ಕಾರವಾರ ಬಂದರನ್ನು ಅಭಿವೃದ್ಧಿಪಡಿಸಲಾಯಿತು. 1864ರಲ್ಲಿ ಬಂದರಿನ ಹೊರಗಿನ ದ್ವೀಪದಲ್ಲಿ ದೀಪಸ್ತಂಭ ಸ್ಥಾಪನೆಯಾಯಿತು. ಮುಂದೆ ಮುಂಬಯಿಯ ಉಗಿಹಡಗುಗಳು ಮಳೆಗಾಲ ಕಳೆದ ಬಳಿಕ ಕಾರವಾರ, ಕುಮಟಾ, ಹೊನ್ನಾವರ, ಮಂಗಳೂರುಗಳನ್ನು ಮುಟ್ಟತೊಡಗಿದವು. ಉದ್ಯೋಗ ಅರಸಿ ಮುಂಬಯಿಗೆ ಹೋದ ಕರಾವಳಿ ಕನ್ನಡಿಗರ ಹಲವು ತಲೆಮಾರುಗಳಿಗೆ ಅದೇ ದಾರಿಯಾಯಿತು. ಮರವನ್ನು ಕಳುಹಿಸುತ್ತಿದ್ದ ತೀರವು ಹತ್ತಿಯನ್ನೂ ಜನರನ್ನೂ ಕಳುಹಿಸುವ ತೀರವಾಯಿತು. ಯಂತ್ರವನ್ನು ಕಟ್ಟುವ ಅವಕಾಶ ಮಾತ್ರ ಅದಕ್ಕೆ ದೊರೆಯಲಿಲ್ಲ.

ಸಮಾರೋಪ

ಅರ್ದಸೀರ್ ಕರ್ಸೇಟ್‌ಜಿ ಅವರ ಜೀವನದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಯಂತ್ರವಿದ್ಯೆಯು ಭಾರತೀಯರಿಗೆ ಹೊರಗಿನಿಂದ ಕಲಿಸಬೇಕಾದ ಅಪರಿಚಿತ ವಿಷಯವಾಗಿತ್ತೆಂಬ ಭಾವನೆ ಪೂರ್ಣ ಸತ್ಯವಲ್ಲ. ಐದು ತಲೆಮಾರುಗಳ ಮರಗೆಲಸದ ನುರಿತ ಕೈಗಳೇ ಉಗಿಯಂತ್ರವನ್ನು ಗ್ರಹಿಸಿ, ಅನುಕರಿಸಿ, ಕೊನೆಗೆ ಸ್ವತಂತ್ರವಾಗಿ ನಿರ್ಮಿಸಿದವು. ಎರಡನೆಯದು, ಒಬ್ಬ ವ್ಯಕ್ತಿಗೆ ದೊರೆತ ಮನ್ನಣೆ ತಾನಾಗಿಯೇ ಪರಂಪರೆಯಾಗುವುದಿಲ್ಲ. ಮನೆಯಂಗಳದ ಎರಕಶಾಲೆಯಲ್ಲಿ ಇಡೀ ನೌಕಾಯಂತ್ರ ತಯಾರಾದ ನಗರದಲ್ಲಿಯೂ ನೌಕಾಯಂತ್ರಗಳ ದೇಶೀಯ ಉದ್ಯಮ ಬೆಳೆಯಲಿಲ್ಲ. ಕಂಪನಿಗೆ ಬೇಕಾಗಿದ್ದುದು ದುರಸ್ತಿಯ ಕಾರ್ಯಾಗಾರವೇ ಹೊರತು ಪ್ರತಿಸ್ಪರ್ಧಿಯಾಗಬಲ್ಲ ಕಾರ್ಖಾನೆಯಲ್ಲ.

ನುಗ್ಗೇಹಳ್ಳಿಯ ಭಿತ್ತಿಯ ಮೇಲೆ ಬೈಚೋಜ ಮತ್ತು ಮಲ್ಲಿತಮ್ಮರ ಹೆಸರುಗಳು ಇಂದಿಗೂ ಓದಸಿಗುತ್ತವೆ. ಮುಂಬಯಿಯ ಉಗಿಯಂತ್ರಾಗಾರದಲ್ಲಿ ಅರ್ದಸೀರ್ ಅವರ ಕೈಕೆಳಗೆ ದುಡಿದ ಸುಮಾರು ಇನ್ನೂರು ಕುಶಲಕರ್ಮಿಗಳು ಇತಿಹಾಸದಲ್ಲಿ ಉಳಿದಿರುವುದು ಒಂದು ಸಂಖ್ಯೆಯಾಗಿ. ಅವರ ಹಡಗುಗಳಿಗೆ ಕೆನರಾದ ಕಾಡಿನಲ್ಲಿ ಮರ ಕಡಿದವರು, ಅದನ್ನು ಹೊಳೆಯಲ್ಲಿ ತೇಲಿಸಿ ಬಂದರಿಗೆ ತಂದವರು ಆ ಸಂಖ್ಯೆಯಲ್ಲಿಯೂ ಸೇರಿಲ್ಲ. ಕಾರವಾರ, ಹೊನ್ನಾವರ ಹಾಗೂ ಮಂಗಳೂರು ಬಂದರುಗಳ ದಾಖಲೆಗಳನ್ನೂ ಅರಣ್ಯ ಇಲಾಖೆಯ ಹಳೆಯ ವರದಿಗಳನ್ನೂ ಮುಂಬಯಿ ಹಡಗುಕಟ್ಟೆಯ ಕಡತಗಳೊಂದಿಗೆ ಹೋಲಿಸಿ ಅಧ್ಯಯನ ಮಾಡಿದರೆ ಕರ್ನಾಟಕದ ಕಡಲ ಇತಿಹಾಸದ ಈ ಅಧ್ಯಾಯ ಇನ್ನಷ್ಟು ಪೂರ್ಣಗೊಳ್ಳುವುದು. ಮುಂದಿನ ಸಂಶೋಧಕರು ಈ ದಿಸೆಯಲ್ಲಿ ಗಮನಹರಿಸುವುದು ಅಗತ್ಯ.